ಹಾಲಿನ ಡೈರಿ ಗೋಡೆಗೆ ಬೋರ್ಡ್ ಹಾಕಿದ ಮೇಲೆ ಪೋಷಕರ ಸಭೆ ತುಂಬಿತು: ನನ್ನ ಅನುಭವ

ಹೋದ ತಿಂಗಳ ಪೋಷಕರ ಸಭೆಗೆ 31 ಮಕ್ಕಳಲ್ಲಿ 26 ಮಕ್ಕಳ ಮನೆಯವರು ಬಂದಿದ್ದರು. ಕೂರಲು ಜಾಗ ಸಾಲದೆ ಪಕ್ಕದ ಕ್ಲಾಸಿಂದ ಚಾಪೆ ತರಿಸಿದೆ. ಎರಡು ವರ್ಷದ ಹಿಂದೆ ಇದೇ ಸಭೆಗೆ ಆರೋ ಏಳೋ ಜನ, ಅದರಲ್ಲೂ ಮೂವರು ಶಾಲೆಯ ಉಸ್ತುವಾರಿ ಸಮಿತಿಯವರೇ (ಎಸ್‌ಡಿಎಂಸಿ). ಶಾಲೆಯ ಸುದ್ದಿ ಬರೆಯಲು ಡೈರಿ ಗೋಡೆಗೆ ಬೋರ್ಡ್ ಹಾಕುವ ವಿಷಯ ಎತ್ತಿದಾಗ "ಡೈರಿ ಹತ್ರ ಯಾರು ನಿಂತು ಓದ್ತಾರೆ ಮೇಡಂ, ಹಾಲು ಹಾಕಿ ಹೋಗ್ತಾ ಇರ್ತಾರೆ" ಅಂತ ನಮ್ಮ ಸ್ಟಾಫಿನವರೇ ಹೇಳಿದ್ದರು. ಈಗ ಪಕ್ಕದ ಎರಡು ಶಾಲೆಯವರು ಬಂದು ನೋಡಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ ಶಾಲೆ. ನಾಲ್ಕು ಮತ್ತು ಐದನೇ ಕ್ಲಾಸು ನನ್ನದು.

ಮೊದಲು ಸೋತದ್ದನ್ನು ಹೇಳುತ್ತೇನೆ. ವಾಟ್ಸಾಪ್ ಗುಂಪು ಎಲ್ಲರೂ ಮಾಡಿರುತ್ತೀರಿ. ನಾನೂ ಮಾಡಿದೆ. ಫೋನು ಅಪ್ಪನ ಜೇಬಲ್ಲಿ, ಅಪ್ಪ ಮಾರ್ಕೆಟ್ಟಲ್ಲಿ, ಓದಬೇಕಾದ ಅಮ್ಮ ಮನೇಲಿ. ದಾಖಲಾತಿ ಪುಸ್ತಕದಲ್ಲಿದ್ದ ನಂಬರುಗಳಲ್ಲಿ ಹತ್ತು ಹನ್ನೊಂದು ಹತ್ತುತ್ತಲೇ ಇರಲಿಲ್ಲ. ಉಳಿದವರದ್ದು ತಿಂಗಳ ಕೊನೆಗೆ ರೀಚಾರ್ಜ್ ಮುಗಿದಿರುತ್ತಿತ್ತು. ಆಮೇಲೆ ಜೆರಾಕ್ಸ್ ಚೀಟಿ. ಪ್ರತಿ ವಾರ ಅರವತ್ತು ಎಪ್ಪತ್ತು ರೂಪಾಯಿ ನನ್ನ ಕೈಯಿಂದಲೇ ಹೋಯಿತು, ಒಂದು ವರ್ಷಕ್ಕೆ ಎರಡು ಸಾವಿರ ದಾಟಿರಬೇಕು. ಚೀಟಿ ಬ್ಯಾಗಿನ ತಳದಲ್ಲಿ ಮುದ್ದೆಯಾಗಿ ಸಿಗುತ್ತಿತ್ತು. ಒಂದು ಸಲ ದೇವಸ್ಥಾನದ ಮೈಕಲ್ಲಿ ಹೇಳಿಸಿದೆ. ಜನ ರೇಷನ್ ಬಂದಿದೆ ಅಂತ ಚೀಲ ಹಿಡಿದು ಬಂದರು. ಬಿಸಿಲಲ್ಲಿ ನಡೆದು ಬಂದವರ ಮುಖ ನೋಡಿ ತುಂಬಾ ಬೇಜಾರಾಯಿತು, ಮತ್ತೆ ಆ ಕಡೆ ಹೋಗಲಿಲ್ಲ.

ಡೈರಿ ಹೊಳೆದದ್ದು ಒಂದು ಬೆಳಗ್ಗೆ ಬಸ್ ಇಳಿದು ಬರುವಾಗ. ನಾನು ಚೀಟಿ ಕೊಟ್ಟು ಕೊಟ್ಟು ಸಾಕಾಗಿದ್ದ ಜನ ಎಲ್ಲಾ ಅಲ್ಲೇ ಕ್ಯಾನು ಹಿಡಿದು ಸಾಲಲ್ಲಿ ನಿಂತಿದ್ದರು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಕರೆಯದೇ ಬರುತ್ತಾರೆ.

ನಾಲ್ಕಡಿ ಮೂರಡಿ ಪ್ಲೈವುಡ್, ಕಪ್ಪು ಬೋರ್ಡಿನ ಬಣ್ಣ, ಮೊಳೆ, ಎಲ್ಲಾ ಸೇರಿ ಸಾವಿರದ ಒಳಗೇ ಆಯಿತು. ಡೈರಿ ಕಾರ್ಯದರ್ಶಿ ಮೊದಲು ಒಪ್ಪಲಿಲ್ಲ, ಗೋಡೆ ಹಾಳಾಗುತ್ತೆ ಅಂದರು. ಮೂರು ಸಲ ಹೋದೆ. ಕೊನೆಗೆ ಒಂದು ಮೂಲೆ ಕೊಟ್ಟರು.

ಮೊದಲ ತಿಂಗಳು ಬೋರ್ಡೂ ಸೋತಿತು. ಯಾಕೆ ಅಂದರೆ ಬರೆದದ್ದು ನಾನು. ಮುದ್ದಾಗಿ, ಉದ್ದಕ್ಕೆ, "ಪೋಷಕರ ಗಮನಕ್ಕೆ" ಅಂತ ಶುರು ಮಾಡಿ ಎಂಟು ಸಾಲು. ಒಬ್ಬರೂ ತಿರುಗಿ ನೋಡಲಿಲ್ಲ. ಒಂದು ದಿನ ನನಗೆ ಗಂಟಲು ಕಟ್ಟಿ ಜ್ವರ, ಐದನೇ ಕ್ಲಾಸಿನ ಹುಡುಗಿ ಒಬ್ಬಳ ಕೈಲಿ ಬರೆಸಿದೆ. ಮೂರೇ ಸಾಲು: ಯಾವತ್ತು, ಏನು, ಏನು ತರಬೇಕು. ಕೆಳಗೆ ಅವಳ ಹೆಸರು. ಮಾರನೇ ದಿನ ಅವಳ ಅಜ್ಜಿ ಕ್ಯಾನು ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ಹೆಸರಿನ ಅಕ್ಷರಗಳ ಮೇಲೆ ಬೆರಳು ಓಡಿಸುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲ. "ಮಾ ಪಾಪ ರಾಸಿಂದಿ" ಅಂತ ಹಿಂದೆ ನಿಂತವರಿಗೆಲ್ಲಾ ಹೇಳುತ್ತಿದ್ದರು, ನಮ್ಮ ಮಗು ಬರೆದಿದೆ ಅಂತ. ನಮ್ಮ ಕಡೆ ಮನೇಲಿ ತೆಲುಗು ಜಾಸ್ತಿ, ಗೊತ್ತಲ್ವಾ. ಹಿಂದಿದ್ದವರು ಏನು ಬರೆದಿದೆ ಅಂತ ಕೇಳಿದರು, ಹುಡುಗಿ ತೆಲುಗಲ್ಲಿ ಬಿಡಿಸಿ ಹೇಳಿದಳು. ಅಲ್ಲಿಂದ ನಾನು ಸೀಮೆಸುಣ್ಣ ಮುಟ್ಟಿಲ್ಲ. ಬರೆದ ಮಗು ಬೆಳಗ್ಗೆ ಹಾಲಿನ ಹೊತ್ತಿಗೆ ಬೋರ್ಡ್ ಹತ್ತಿರ ನಿಂತು ಎರಡು ಸಲ ಜೋರಾಗಿ ಓದಬೇಕು, ತೆಲುಗಲ್ಲೂ ಹೇಳಬೇಕು. ಕನ್ನಡ ಓದುವುದೂ ಎಷ್ಟೋ ಸುಧಾರಿಸಿತು, ಅದು ನಾನು ಲೆಕ್ಕ ಹಾಕಿರದ ಲಾಭ.

ಹಸು ಇಲ್ಲದ ಮನೆ ಎಂಟೋ ಒಂಬತ್ತೋ ಇವೆ, ಕೂಲಿಗೆ ಹೋಗುವವರು. ಅವರಿಗೆ ಪಕ್ಕದ ಮನೆ ಮಗುವನ್ನು ಜೋಡಿ ಮಾಡಿದ್ದೇನೆ, ಸಂಜೆ ಹೋಗಿ ಹೇಳಿ ಬರುತ್ತದೆ. ಇದು ಇನ್ನೂ ಪೂರ್ತಿ ಕೂಡಿ ಬಂದಿಲ್ಲ.

ಸಭೆಯ ದಿನ ಗೊತ್ತು ಮಾಡುವುದು ಇನ್ನೊಂದು ಕಥೆ. ಕ್ಲಾಸಲ್ಲಿ ರೇಷ್ಮೆ ಹುಳದ ಪ್ರಾಜೆಕ್ಟ್ ಮಾಡಿಸುತ್ತಿದ್ದೆವು. ಒಬ್ಬರ ಮನೆಯಿಂದ ಒಂದು ಹಿಡಿ ಚಾಕಿ ಹುಳು, ಅಂದರೆ ಮರಿ ಹುಳು, ತಂದು ರಟ್ಟಿನ ಡಬ್ಬದಲ್ಲಿಟ್ಟು, ಸೊಪ್ಪು ಹಾಕಿ, ಯಾವತ್ತು ಯಾವ ಜ್ವರಕ್ಕೆ ಕೂತಿತು ಅಂತ ಬರೆದಿಡುವುದು. ಹುಳು ಪೊರೆ ಬಿಡುವ ಮುಂಚೆ ತಿನ್ನದೆ ಸುಮ್ಮನೆ ಕೂರುವುದಕ್ಕೆ ಜ್ವರ ಅನ್ನುತ್ತಾರೆ. ಮಕ್ಕಳೇ "ಮಿಸ್, ನಮ್ಮನೇಲಿ ಎರಡನೇ ಜ್ವರ, ಅವರ ಮನೇಲಿ ಹಣ್ಣಾಗಿದೆ" ಅಂತ ಶುರು ಮಾಡಿದರು. ಹಣ್ಣಾಗುವುದು ಅಂದರೆ ಹುಳು ಗೂಡು ಕಟ್ಟಲು ಸಿದ್ಧವಾಗುವುದು. ಸರಿ, ಎಲ್ಲರ ಮನೆಯದ್ದೂ ಗೋಡೆ ಮೇಲೆ ಪಟ್ಟಿ ಹಾಕಿಸಿದೆ. ಹದಿನಾಲ್ಕು ಮನೆಯಲ್ಲಿ ಹುಳು. ಆಗ ಅರ್ಥವಾಯಿತು, ಇಷ್ಟು ದಿನ ಅವರು ಯಾಕೆ ಬರುತ್ತಿರಲಿಲ್ಲ ಅಂತ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನುವ ಸೊಪ್ಪಿಗೆ ಲೆಕ್ಕವೇ ಇಲ್ಲ, ಆಮೇಲೆ ಹಣ್ಣು ಹುಳು ಆರಿಸಿ ಗೂಡು ಕಟ್ಟುವ ತಟ್ಟೆಗೆ, ಚಂದ್ರಿಕೆಗೆ, ಬಿಡಬೇಕು, ಆಮೇಲೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ. ಆ ಹೊತ್ತಲ್ಲಿ ಶಾಲೆಗೆ ಬನ್ನಿ ಅಂದರೆ ಯಾರು ಬರುತ್ತಾರೆ? ಈಗ ಪಟ್ಟಿ ನೋಡಿ, ಜಾಸ್ತಿ ಮನೆಯಲ್ಲಿ ಹುಳು ಸಣ್ಣದಿರುವ ವಾರವೇ ಸಭೆ ಇಡುತ್ತೇನೆ.

ಪ್ರವಾಸದಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ಮುದ್ದೇನಹಳ್ಳಿಗೆ ಹೋಗಿ ವಿಶ್ವೇಶ್ವರಯ್ಯನವರ ಮನೆ ನೋಡಿಕೊಂಡು, ನಂದಿಯ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಹತ್ತಿರ ಊಟ ಮಾಡಿ, ಐದೂವರೆಗೆ ಊರು ಅಂತ ಹೇಳಿದ್ದೆ. ಟೈರ್ ಪಂಕ್ಚರ್ ಆಗಿ ಎಂಟು ಗಂಟೆ ಆಯಿತು. ನನ್ನ ಫೋನು ಸತ್ತಿತ್ತು. ಕತ್ತಲಲ್ಲಿ ಬಸ್ ಸ್ಟಾಪಿನಲ್ಲಿ ಊರಿಗೆ ಊರೇ ನಿಂತಿತ್ತು, ಒಬ್ಬ ತಾಯಿ ಅಳುತ್ತಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ ಪ್ರತಿ ಜಾಗ ಬಿಡುವಾಗ ಡೈರಿಗೆ ಒಂದು ಫೋನು, ಕಾರ್ಯದರ್ಶಿಯೇ ಬೋರ್ಡಲ್ಲಿ ಹೊತ್ತು ಬರೆಯುತ್ತಾರೆ. ಗೋಡೆ ಹಾಳಾಗುತ್ತೆ ಅಂದವರು ಅವರೇ.

ದುಡ್ಡಿನ ಲೆಕ್ಕವನ್ನೂ ಅಲ್ಲೇ ಬರೆಸುತ್ತೇನೆ. ಹೋದ ಸಲ ತಲೆಗೆ 250 ತಗೊಂಡೆವು, ಮಿನಿ ಬಸ್ಸಿಗೆ ಏಳು ಸಾವಿರ ಚಿಲ್ಲರೆ ಹೋಯಿತು, ಉಳಿದದ್ದರಲ್ಲಿ ತಲೆಗೆ ಹತ್ತೋ ಹನ್ನೆರಡೋ ರೂಪಾಯಿ ವಾಪಸ್. ಆ ಹತ್ತು ರೂಪಾಯಿ ವಾಪಸ್ ಕೊಟ್ಟ ಮೇಲೆ ಹೆಣ್ಣುಮಕ್ಕಳನ್ನು ಕಳಿಸಲ್ಲ ಅನ್ನುತ್ತಿದ್ದ ಎರಡು ಮನೆಯವರೂ ಒಪ್ಪಿದರು.

ಯಾವ ವಾರ ಯಾವ ಮಗುವಿನ ಸರದಿ ಅಂತ ಹೇಗೆ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರದೇ ಇದ್ದ ಅಪ್ಪಂದಿರು ಬರುತ್ತಿರುವುದು ಅದರಿಂದಲೇ, ನಮ್ಮೂರಿನವರೂ ಇದನ್ನು ಓದಬಹುದು. ಎದುರಿಗೆ ಸಿಕ್ಕರೆ ಹೇಳುತ್ತೇನೆ.

ಮುಂದಿನ ಪ್ರವಾಸ ವಿದುರಾಶ್ವತ್ಥ. ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಅಲ್ಲಿ ನಡೆದ 1938ರ ಗೋಲಿಬಾರ್ ಬಗ್ಗೆ ಮನೆಯ ಹಿರಿಯರಿಗೆ ಏನು ಗೊತ್ತು ಅಂತ ಕೇಳಿಕೊಂಡು ಬರಲು ಮಕ್ಕಳಿಗೆ ಹೇಳಿದ್ದೇನೆ. ಈ ವಾರದ ಮೂರು ಸಾಲು ಅದೇ. ಮಳೆಗೆ ಮುಂಚೆ ಬೋರ್ಡಿಗೆ ಇನ್ನೊಂದು ಕೋಟ್ ಬಣ್ಣ ಹೊಡೆಸಬೇಕು, ಕೆಳಗಿನ ಅಂಚು ಹಾಲು ನೀರು ಸಿಡಿದು ಉಬ್ಬಿದೆ.