ಎಚ್‌ಐವಿ ತಡೆಯುವ ಔಷಧಿ ಅಗ್ಗವಾಗುತ್ತಂತೆ ಅಂದಾಗ ಜನ ಆಡುವ ಮಾತಿಗೆ ಏನು ಉತ್ತರ ಕೊಡುವುದು

ಎಚ್‌ಐವಿ ತಡೆಯುವ ಔಷಧಿ ಅಗ್ಗವಾಗುತ್ತದೆ ಅಂತ ಸುದ್ದಿ ಬಂದರೆ ಮಾತು ಔಷಧಿಯ ಮೇಲೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅದನ್ನು ತಗೊಳ್ಳುವವರು ಯಾರು, ಎಂಥವರು, ಅವರಿಗೆ ಯಾಕಂತೆ ಬೇಕು, ಅಲ್ಲಿಗೆ ಹೋಗಿಬಿಡುತ್ತದೆ. ಆಫೀಸಿನಲ್ಲಿ, ಸ್ನೇಹಿತರ ಗುಂಪಿನಲ್ಲಿ, ಮನೆಯವರ ನಡುವೆ, ಎಲ್ಲ ಕಡೆ ಇದೇ ಕತೆ. ಇಂಥ ಮಾತಿನ ನಡುವೆ ಸಿಕ್ಕಿಕೊಂಡಾಗ ಏನು ಹೇಳಬಹುದು, ಎಲ್ಲಿ ಸುಮ್ಮನಿರುವುದೇ ವಾಸಿ, ಅದಷ್ಟೇ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ. ನಿಮ್ಮ ಉತ್ತರ ಜೋರಾಗಿ ಮಾತಾಡುತ್ತಿರುವವರಿಗೆ ಅಂತ ಅಂದುಕೊಳ್ಳಬೇಡಿ. ಅವರು ಬದಲಾಗುವುದು ಕಡಿಮೆ. ಅದೇ ಗುಂಪಿನಲ್ಲಿ ಏನೂ ಹೇಳದೆ ಕೇಳಿಸಿಕೊಳ್ಳುತ್ತಿರುವವರು ಒಬ್ಬರಿರಬಹುದು. ಅವರಿಗೆ ಈ ಔಷಧಿ ಬೇಕಾಗಿರಬಹುದು. ಇಲ್ಲವೇ ಅವರಿಗೆ ಈಗಾಗಲೇ ಎಚ್‌ಐವಿ ಇರಬಹುದು. ನಿಮ್ಮ ಮಾತು ಅವರ ಕಿವಿಗೆ ಹೇಗೆ ಬೀಳುತ್ತದೆ, ಲೆಕ್ಕಕ್ಕೆ ಬರುವುದು ಅದು.

ಬಾಯಿ ತೆರೆಯುವ ಮೊದಲು ಇಷ್ಟು ಗೊತ್ತಿರಲಿ

ಎಚ್‌ಐವಿ ಇಲ್ಲದವರು, ಅದು ತಗುಲದಂತೆ ಮುಂಚೆಯೇ ತಗೊಳ್ಳುವ ಔಷಧಿಗೆ ಪ್ರೆಪ್ ಅಂತಾರೆ. ದಿನಕ್ಕೊಂದು ಮಾತ್ರೆ ಇದರಲ್ಲಿ ಹಳೆಯದು. ಟೆನೊಫೊವಿರ್ ಮತ್ತು ಎಮ್ಟ್ರಿಸಿಟಬಿನ್ ಸೇರಿದ ಟ್ರುವಾಡಾ ಮಾತ್ರೆಯನ್ನು ಪ್ರೆಪ್ ಆಗಿ ಬಳಸಲು ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ತಪ್ಪದೆ ತಗೊಂಡರೆ ಲೈಂಗಿಕ ಸಂಪರ್ಕದಿಂದ ಸೋಂಕು ತಗುಲುವ ಅಪಾಯ ಸುಮಾರು 99 ಶೇಕಡಾ ಕಡಿಮೆಯಾಗುತ್ತದೆ. ಎರಡು ತಿಂಗಳಿಗೊಮ್ಮೆ ತಗೊಳ್ಳುವ ಕ್ಯಾಬೊಟೆಗ್ರಾವಿರ್ ಇಂಜೆಕ್ಷನ್ 2021ರಲ್ಲಿ ಬಂತು. ಈಗ ಎಲ್ಲರ ಬಾಯಲ್ಲಿರುವ ಲೆನಕಾಪಾವಿರ್ ಆರು ತಿಂಗಳಿಗೊಮ್ಮೆ. ಹೊಟ್ಟೆಯ ಮೇಲಿನ ಚರ್ಮದ ಅಡಿಗೆ ಕೊಡುತ್ತಾರೆ, ಶುರುವಿನಲ್ಲಿ ಎರಡು ದಿನ ಮಾತ್ರೆಯೂ ಇರುತ್ತದೆ. ಇದಕ್ಕೆ ಪ್ರೆಪ್ ಆಗಿ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಮರುತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು.

ಬೆಲೆಯ ಸುದ್ದಿ 2025ರ ಸೆಪ್ಟೆಂಬರ್‌ನದು. ಆಗ ಅಮೆರಿಕದಲ್ಲಿ ಲೆನಕಾಪಾವಿರ್‌ನ ಪಟ್ಟಿ ಬೆಲೆ, ಅಂದರೆ ಕಂಪನಿ ನಿಗದಿ ಮಾಡಿದ ಬೆಲೆ, ವರ್ಷಕ್ಕೆ 28,218 ಡಾಲರ್ ಇತ್ತು. ಇದೇ ಔಷಧಿಯ ಜೆನೆರಿಕ್ ರೂಪವನ್ನು, ಅಂದರೆ ಬೇರೆ ಕಂಪನಿಗಳು ತಯಾರಿಸುವ ಅದೇ ಔಷಧಿಯನ್ನು, ವರ್ಷಕ್ಕೆ ಸುಮಾರು 40 ಡಾಲರ್‌ಗೆ 120 ದೇಶಗಳಿಗೆ 2027ರಿಂದ ಕೊಡುವುದಾಗಿ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳ ಒಪ್ಪಂದಗಳು ಹೊರಬಿದ್ದವು. ಜನ ಕೇಳಿಸಿಕೊಂಡಿದ್ದು 40 ಡಾಲರ್ ಮಾತ್ರ. 2027 ಅನ್ನುವುದೂ, 120 ದೇಶ ಅನ್ನುವುದೂ ಗಾಳಿಗೆ ಹೋಯಿತು. ಹಾಗಾಗಿ ಯಾರಾದರೂ "ಇನ್ಮೇಲೆ ಏಡ್ಸ್ ಇಲ್ಲ ಬಿಡಿ" ಅಂದರೆ ಆ ಎರಡು ಅಂಕಿಗಳನ್ನು ನೆನಪಿಸಿ, ಸಾಕು. ಖುಷಿಪಡುವವರ ಮೇಲೆ ನೀರು ಎರಚುವುದು ಬೇಡ. ಆದರೆ 2024ರಲ್ಲೂ ಜಗತ್ತಿನಲ್ಲಿ ಹೊಸದಾಗಿ ಸೋಂಕು ತಗುಲಿದವರು ಸುಮಾರು 13 ಲಕ್ಷ. ಔಷಧಿ ಕಂಡುಹಿಡಿಯುವುದು ಬೇರೆ, ಅದು ಜನರ ಕೈಗೆ ಬರುವುದು ಬೇರೆ.

ಗೊತ್ತಿಲ್ಲದೆ ಕೇಳುವವರು

ಇವರಿಗೆ ಉತ್ತರ ಕೊಡುವುದು ಸುಲಭ. "ಇದು ಲಸಿಕೆನಾ?" ಅಂದರೆ ಅಲ್ಲ ಅನ್ನಿ. ಲಸಿಕೆ ದೇಹಕ್ಕೆ ಹೋರಾಡುವುದನ್ನು ಕಲಿಸಿ ಹೋಗುತ್ತದೆ. ಇದು ಹಾಗಲ್ಲ, ದೇಹದಲ್ಲಿ ಔಷಧಿ ಸಾಕಷ್ಟು ಇರುವ ತನಕ ಮಾತ್ರ ಕಾಪಾಡುತ್ತದೆ. "ಎಚ್‌ಐವಿ ಇದ್ದವರಿಗೆ ವಾಸಿಯಾಗುತ್ತಾ?" ಅಂದರೆ ಅದೂ ಅಲ್ಲ. ಅವರ ಚಿಕಿತ್ಸೆ ಬೇರೆ. "ಬೇರೆ ರೋಗ ತಡೆಯುತ್ತಾ?" ಇಲ್ಲ, ಸಿಫಿಲಿಸ್, ಗೊನೋರಿಯಾ ಇದಕ್ಕೆ ಬಗ್ಗುವುದಿಲ್ಲ. ಅಲ್ಲಿ ಕಾಂಡೋಮೇ ಬೇಕು.

ಹಾಗಾದರೆ ಕಾಂಡೋಮ್ ಒಂದೇ ಸಾಕಲ್ವಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಸಾಕು, ಹಾಕಿಕೊಳ್ಳುವವರು ಒಪ್ಪಿದರೆ. ಒಪ್ಪಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಗಂಡನ ಹತ್ತಿರ ಈ ಮಾತು ಎತ್ತಲಾಗದ ಹೆಂಡತಿ, ಎತ್ತಿದರೆ ಹೊಡೆತ ತಿನ್ನುವ ಹುಡುಗಿ, ಹೆಚ್ಚು ದುಡ್ಡು ಕೊಟ್ಟು ಕಾಂಡೋಮ್ ಬೇಡ ಅನ್ನುವ ಗಿರಾಕಿಯ ಮುಂದೆ ನಿಂತವರು, ಇವರೆಲ್ಲರಿಗೂ ಕಾಂಡೋಮ್ ಅನ್ನುವುದು ಇನ್ನೊಬ್ಬರ ಕೈಯಲ್ಲಿರುವ ವಸ್ತು. ಇಂಜೆಕ್ಷನ್ ಹಾಗಲ್ಲ, ತಗೊಂಡವರ ದೇಹದಲ್ಲಿರುತ್ತದೆ, ಯಾರನ್ನೂ ಕೇಳಬೇಕಿಲ್ಲ. ನನ್ನ ಮಟ್ಟಿಗೆ ಈ ಔಷಧಿಯ ಪರವಾದ ದೊಡ್ಡ ವಾದ ಇದೇ. ಒಂದೇ ವಾದ ಹೇಳಲು ಅವಕಾಶ ಇದ್ದರೆ ಇದನ್ನು ಹೇಳಿ.

"ನೆಟ್ಟಗೆ ಬದುಕಿದರೆ ಇದೆಲ್ಲ ಯಾಕೆ ಬೇಕು?"

ಇದು ಪ್ರಶ್ನೆಯಲ್ಲ, ತೀರ್ಪು. ಹಾಗಾಗಿ ಅಂಕಿ ಅಂಶ ಎಸೆದರೆ ಉಪಯೋಗವಿಲ್ಲ. ತಾನು ನೆಟ್ಟಗೆ ಬದುಕಿದರೂ ಜೊತೆಗಾರ ನೆಟ್ಟಗಿಲ್ಲದಿದ್ದರೆ ಏನು ಗತಿ ಅಂತ ತಿರುಗಿ ಕೇಳಬಹುದು. ಗುಂಪಿನಲ್ಲಿ ಹೆಂಗಸರಿದ್ದರೆ ಈ ಪ್ರಶ್ನೆಯ ನಂತರ ಮಾತಿನ ದಾರಿಯೇ ಬದಲಾಗುವುದುಂಟು.

ಈ ಹಂಗಿಸುವಿಕೆ ಹೊಸದೂ ಅಲ್ಲ. ಟ್ರುವಾಡಾಕ್ಕೆ ಒಪ್ಪಿಗೆ ಸಿಕ್ಕ ವರ್ಷವೇ ಅಮೆರಿಕದಲ್ಲಿ ಅದನ್ನು ನುಂಗುವವರಿಗೆ 'ಟ್ರುವಾಡಾ ಸೂಳೆ' ಅನ್ನುವ ಬೈಗುಳ ಅಂಟಿಸಿದರು. ಅಂಟಿಸಿದವರಲ್ಲಿ ಸಲಿಂಗಿ ಪುರುಷರೂ ಇದ್ದರು, ಅಂದರೆ ಔಷಧಿಯಿಂದ ಹೆಚ್ಚು ಲಾಭ ಆಗಬೇಕಿದ್ದ ಗುಂಪಿನವರೇ. ಆಮೇಲೆ ಕೆಲವರು ಅದೇ ಬೈಗುಳವನ್ನು ಟೀಶರ್ಟ್ ಮೇಲೆ ಅಚ್ಚು ಹಾಕಿಸಿ ತೊಟ್ಟು ಓಡಾಡಿದರು. ಗರ್ಭನಿರೋಧಕ ಮಾತ್ರೆ 1960ರಲ್ಲಿ ಬಂದಾಗಲೂ ಹೆಂಗಸರು ದಾರಿ ತಪ್ಪುತ್ತಾರೆ ಅಂತ ಕೂಗಿದ್ದರು.

ಆದರೆ ಇಲ್ಲಿ ಪ್ರಾಮಾಣಿಕವಾಗಿರಿ. ಪ್ರೆಪ್ ಬಂದ ಮೇಲೆ ಕೆಲವು ಕಡೆ ಕಾಂಡೋಮ್ ಬಳಕೆ ಇಳಿದಿದ್ದು ನಿಜ. ಆಸ್ಟ್ರೇಲಿಯಾದ ಸಲಿಂಗಿ ಪುರುಷರಲ್ಲಿ ಇದು ಕಂಡುಬಂತು. ಅದನ್ನು ಅಡಗಿಸಿಟ್ಟರೆ ಎದುರಿನವರು ಎತ್ತಿ ತೋರಿಸುತ್ತಾರೆ, ಆಗ ನೀವು ಹೇಳಿದ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ನೀವೇ ಹೇಳಿ, ಅದರ ಜೊತೆ ಇನ್ನೊಂದನ್ನೂ ಹೇಳಿ: ಅದೇ ದೇಶದ ನ್ಯೂ ಸೌತ್ ವೇಲ್ಸ್‌ನಲ್ಲಿ ಪ್ರೆಪ್ ವೇಗವಾಗಿ ಹಂಚಿದ ಒಂದೇ ವರ್ಷದಲ್ಲಿ ಸಲಿಂಗಿ ಪುರುಷರಲ್ಲಿ ಹೊಸ ಎಚ್‌ಐವಿ ಪ್ರಕರಣಗಳು ಕಾಲು ಭಾಗದಷ್ಟು ಇಳಿದವು. ಮತ್ತೆ, ಮಾತ್ರೆ ತಗೊಳ್ಳುವವರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಬೇಕು. ಬೇರೆ ಸೋಂಕು ಇದ್ದರೂ ಬೇಗ ಗೊತ್ತಾಗುತ್ತದೆ, ಬೇಗ ಔಷಧಿ ಸಿಗುತ್ತದೆ.

ದುಡ್ಡಿನ ಮಾತು

"ನಮ್ಮ ತೆರಿಗೆ ಹಣದಲ್ಲಿ ಇವರ ಮಜಾ ಯಾಕೆ?" ಇದಕ್ಕೆ ಒಳ್ಳೆಯ ಉದಾಹರಣೆ ಇಂಗ್ಲೆಂಡ್. 2016ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಪ್ರೆಪ್‌ಗೆ ಹಣ ಕೊಡುವುದು ತನ್ನ ಕೆಲಸವೇ ಅಲ್ಲ ಅಂದಿತು. ನ್ಯಾಷನಲ್ ಏಡ್ಸ್ ಟ್ರಸ್ಟ್ ಕೋರ್ಟಿಗೆ ಹೋಗಿ ಗೆದ್ದಿತು. ಪತ್ರಿಕೆಗಳಲ್ಲಿ ಕೋಲಾಹಲ, ಬೇರೆ ರೋಗಿಗಳ ದುಡ್ಡು ಕಿತ್ತು ಇವರ ಶೋಕಿಗೆ ಕೊಡುತ್ತಾರೆ ಅನ್ನುವ ಧಾಟಿ. ಮೇಲ್ಮನವಿಯಲ್ಲೂ ಆರೋಗ್ಯ ಸೇವೆಯೇ ಸೋತಿತು. ಕೊನೆಗೆ 2020ರಲ್ಲಿ ಪ್ರೆಪ್ ಅಲ್ಲಿನ ಸಾಮಾನ್ಯ ಸೇವೆಯಾಯಿತು. ವಾದ ಮಾಡುವವರಿಗೆ ಕೇಳಬೇಕಾದ್ದು ಇಷ್ಟೇ: ಸೋಂಕು ತಗುಲಿದವರಿಗೆ ಜೀವನಪೂರ್ತಿ ದಿನವೂ ಚಿಕಿತ್ಸೆ ಬೇಕು, ಅದನ್ನು ಕೊಡುವುದು ಯಾರು? ತಡೆ ಔಷಧಿ ಅಪಾಯ ಇರುವ ಕಾಲಕ್ಕೆ ಮಾತ್ರ. ಅಪಾಯ ಮುಗಿದರೆ ವೈದ್ಯರನ್ನು ಕೇಳಿ ನಿಲ್ಲಿಸಬಹುದು.

ಇದರ ಉಲ್ಟಾ ಮಾತು ಕೂಡ ಇದೆ. "28 ಸಾವಿರದ್ದು 40ಕ್ಕೆ ಬರುತ್ತೆ ಅಂದ್ರೆ ಏನೋ ಕಲಬೆರಕೆ ಇರಬೇಕು." ಇವರಿಗೆ 2001 ನೆನಪಿಸಿ. ಆಗ ಎಚ್‌ಐವಿ ಚಿಕಿತ್ಸೆಯ ಔಷಧಿಗಳಿಗೆ ವರ್ಷಕ್ಕೆ 10,000 ಡಾಲರ್‌ಗಿಂತ ಹೆಚ್ಚು ಖರ್ಚಾಗುತ್ತಿತ್ತು. ಸಿಪ್ಲಾ ಕಂಪನಿ ಅವನ್ನು ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ, ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಅಂತ ಮುಂದೆ ಬಂತು. ಆಗಲೂ ಇದೇ ಅನುಮಾನ. ಆ ಜೆನೆರಿಕ್‌ಗಳೇ ಮುಂದೆ ಆಫ್ರಿಕಾದಲ್ಲಿ ಲಕ್ಷಾಂತರ ಜನರನ್ನು ಬದುಕಿಸಿದವು. ಪಟ್ಟಿ ಬೆಲೆಯಲ್ಲಿ ಔಷಧಿ ತಯಾರಿಸುವ ಖರ್ಚು ಚೂರೇ ಚೂರು. ಉಳಿದದ್ದು ಪೇಟೆಂಟ್ ಕೈಯಲ್ಲಿದ್ದವರು ಕೇಳುವ ದರ.

"ಹಾಗಾದ್ರೆ ಇದು ಕಂಪನಿಗಳ ಆಟ" ಅನ್ನುವವರನ್ನು ಪೂರ್ತಿ ತಳ್ಳಿಹಾಕಬೇಡಿ. ಅವರ ಸಿಟ್ಟಿನಲ್ಲಿ ಹುರುಳಿದೆ. ಪೇಟೆಂಟ್ ಇರುವ ಗಿಲಿಯಡ್ ಕಂಪನಿ 2024ರಲ್ಲಿ ಆರು ಜೆನೆರಿಕ್ ತಯಾರಕರಿಗೆ ಅನುಮತಿ ಕೊಟ್ಟಿತು, ಸರಿ. ಆದರೆ ಆ 120 ದೇಶಗಳ ಪಟ್ಟಿಯಲ್ಲಿ ಬ್ರೆಜಿಲ್, ಅರ್ಜೆಂಟಿನಾ, ಮೆಕ್ಸಿಕೊ, ಪೆರು ಇಲ್ಲ. ಔಷಧಿಯ ಪ್ರಯೋಗ ನಡೆದ ದೇಶಗಳಲ್ಲಿ ಈ ನಾಲ್ಕೂ ಸೇರಿವೆ! ಪರೀಕ್ಷೆಗೆ ದೇಹ ಕೊಟ್ಟವರಿಗೆ ಅಗ್ಗದ ಔಷಧಿ ಇಲ್ಲ. ಇದಕ್ಕೆ ಸಮಜಾಯಿಷಿ ಕೊಡುವ ಕೆಲಸ ನಿಮ್ಮದಲ್ಲ, ಸಿಟ್ಟು ನ್ಯಾಯವಾದದ್ದೇ ಅಂತ ಒಪ್ಪಿಕೊಳ್ಳಿ.

"ಬಡವರು ಸರಿಯಾಗಿ ತಗೊಳ್ಳಲ್ಲ"

ಈ ಮಾತು ತಿಳಿದವರ ಬಾಯಲ್ಲೇ ಜಾಸ್ತಿ. 2001ರಲ್ಲಿ ಅಮೆರಿಕದ ನೆರವು ಸಂಸ್ಥೆಯ ಮುಖ್ಯಸ್ಥರೇ ಆಫ್ರಿಕಾದವರಿಗೆ ಗಡಿಯಾರ ನೋಡಿ ಮಾತ್ರೆ ನುಂಗುವುದು ಆಗದು ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಐದು ವರ್ಷದ ನಂತರ ಹತ್ತಾರು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಎಚ್‌ಐವಿ ಚಿಕಿತ್ಸೆಯ ಮಾತ್ರೆಗಳನ್ನು ಆಫ್ರಿಕಾದ ರೋಗಿಗಳು ಉತ್ತರ ಅಮೆರಿಕದವರಿಗಿಂತ ಸರಿಯಾಗಿ ತಗೊಳ್ಳುತ್ತಿದ್ದರು.

ತಡೆ ಮಾತ್ರೆಯ ಕತೆ ಮಾತ್ರ ಸ್ವಲ್ಪ ಬೇರೆ, ಅದನ್ನು ಬಿಡಿಸಿ ಹೇಳಬೇಕು. ವಾಯ್ಸ್ ಅನ್ನುವ ಪ್ರಯೋಗದಲ್ಲಿ ಆಫ್ರಿಕಾದ ಸಾವಿರಾರು ಮಹಿಳೆಯರಿಗೆ ಪ್ರೆಪ್ ಕೊಟ್ಟರು, ಉಪಯೋಗವಾಗಲಿಲ್ಲ. ರಕ್ತ ನೋಡಿದರೆ ಸುಮಾರು ಮುಕ್ಕಾಲು ಪಾಲು ಮಾದರಿಗಳಲ್ಲಿ ಔಷಧಿಯ ಸುಳಿವೇ ಇಲ್ಲ. ಹೆಚ್ಚಿನವರು ಸರಿಯಾಗಿ ತಗೊಂಡಿರಲಿಲ್ಲ. ಯಾಕೆ? ಮಾತ್ರೆಯ ಡಬ್ಬಿ ಯಾರಾದರೂ ನೋಡಿದರೆ ತನಗೇ ಎಚ್‌ಐವಿ ಇದೆ ಅಂದುಕೊಳ್ಳುತ್ತಾರೆ ಅನ್ನುವ ಭಯ ದೊಡ್ಡ ಕಾರಣಗಳಲ್ಲಿ ಒಂದು. ಬರೀ ಸೋಮಾರಿತನ ಅಲ್ಲ, ಬರೀ ಮರೆವೂ ಅಲ್ಲ. ಜನರ ಬಾಯಿಗೆ ಹೆದರಿ ಔಷಧಿ ಬಿಟ್ಟವರೂ ಇದ್ದರು.

ಈಗ ಲೆನಕಾಪಾವಿರ್ ಇಂಜೆಕ್ಷನ್ ಪ್ರಯೋಗದ ಲೆಕ್ಕ ನೋಡಿ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದ 16ರಿಂದ 25 ವರ್ಷದ ಹುಡುಗಿಯರು. ಇಂಜೆಕ್ಷನ್ ತಗೊಂಡ 2,134 ಮಂದಿಯಲ್ಲಿ ಸೋಂಕು ತಗುಲಿದ್ದು ಯಾರಿಗೂ ಇಲ್ಲ. ಸೊನ್ನೆ. ದಿನದ ಮಾತ್ರೆ ಕೊಟ್ಟ ಎರಡು ಗುಂಪುಗಳಲ್ಲಿ ಒಟ್ಟು 55 ಮಂದಿಗೆ ತಗುಲಿತು, ಅಲ್ಲೂ ಹೆಚ್ಚಿನವರು ಮಾತ್ರೆ ಸರಿಯಾಗಿ ತಗೊಂಡಿರಲಿಲ್ಲ. ವರ್ಷಕ್ಕೆ ಎರಡು ಸಲ ಹೋಗಿ ಬಂದರೆ ಆಯಿತು, ಮನೆಯಲ್ಲಿ ಡಬ್ಬಿ ಬಚ್ಚಿಡಬೇಕಿಲ್ಲ. ಗುಂಪಿನಲ್ಲಿ ನೀವು ಸುಮ್ನೆ ನಕ್ಕು ಬಿಟ್ಟ ಒಂದು ಕೊಂಕು ಮಾತಿಗೂ, ಯಾರೋ ಮಾತ್ರೆ ಬಿಡುವುದಕ್ಕೂ ಸಂಬಂಧ ಇದೆ ಅನ್ನುವುದು ಇಲ್ಲಿಂದಲೇ ಕಾಣುತ್ತದೆ.

ಮಾತಾಡುವಾಗ ಎಚ್‌ಐವಿ ಇರುವವರನ್ನು ಹೆದರಿಕೆಯ ಗೊಂಬೆ ಮಾಡಬೇಡಿ. "ಅಂಥವರಿಂದ ತಪ್ಪಿಸಿಕೊಳ್ಳೋಕೆ ಇದು" ಅನ್ನುವ ಧಾಟಿ ಬಂತು ಅಂದರೆ ಅಲ್ಲೇ ತಡೆಯಿರಿ. ಚಿಕಿತ್ಸೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಯುರೋಪಿನಲ್ಲಿ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ನೋಡಿದ ಅಧ್ಯಯನಗಳಲ್ಲಿ ಹಾಗೆ ಹರಡಿದ ಒಂದು ಪ್ರಕರಣವೂ ಸಿಗಲಿಲ್ಲ.

ಆಮೇಲೆ ಒಬ್ಬರು ಪ್ರತ್ಯೇಕವಾಗಿ ಕೇಳುತ್ತಾರೆ

ನೀವು ಸರಿಯಾಗಿ ಮಾತಾಡಿದ್ದರೆ ಇದು ಆಗುತ್ತದೆ. "ನನ್ನ ಫ್ರೆಂಡ್ ಒಬ್ಬರಿಗೆ ಬೇಕಿತ್ತು" ಅಂತ ಶುರುವಾಗಬಹುದು. ಫ್ರೆಂಡ್ ಯಾರು ಅಂತ ಕೇಳಬೇಡಿ. ಯಾಕೆ ಬೇಕು ಅಂತಲೂ ಬೇಡ. ನೀವು ಕೇಳಬೇಕಾದ ಒಂದೇ ಪ್ರಶ್ನೆ, ಅಪಾಯ ಆಗಿ ಎಷ್ಟು ಹೊತ್ತಾಯಿತು ಅನ್ನುವುದು. 72 ಗಂಟೆ ದಾಟಿಲ್ಲದಿದ್ದರೆ ಅವರಿಗೆ ಬೇಕಾದದ್ದು ಪ್ರೆಪ್ ಅಲ್ಲ, ಪೆಪ್. ಅದು ಅಪಾಯ ಆದ ನಂತರ 28 ದಿನ ತಗೊಳ್ಳುವ ಚಿಕಿತ್ಸೆ, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಬೆಳಗ್ಗೆ ನೋಡೋಣ ಅನ್ನುವ ಹಾಗಿಲ್ಲ, ಆಗಲೇ ಆಸ್ಪತ್ರೆಗೆ ಹೋಗಬೇಕು.

ಆ ಆತುರ ಇಲ್ಲ ಅಂದರೆ ಮೊದಲು ಎಚ್‌ಐವಿ ಪರೀಕ್ಷೆ. ಈಗಾಗಲೇ ಸೋಂಕಿದ್ದು ಗೊತ್ತಿಲ್ಲದೆ ಪ್ರೆಪ್ ತಗೊಂಡರೆ ವೈರಸ್ ಔಷಧಿಗೆ ಜಗ್ಗದಂತೆ ಆಗಬಹುದು. ಬೇರೆಯವರ ಮಾತ್ರೆ ಹಂಚಿಕೊಳ್ಳಬಾರದು ಅನ್ನುವುದಕ್ಕೂ ಇದೇ ಕಾರಣ. ಮಾತ್ರೆ ಶುರು ಮಾಡುವ ಮೊದಲು ವೈದ್ಯರು ಕಿಡ್ನಿ ಮತ್ತು ಹೆಪಟೈಟಿಸ್ ಬಿ ಕೂಡ ನೋಡುತ್ತಾರೆ. ಇಂಜೆಕ್ಷನ್ ಆದರೆ ಚುಚ್ಚಿದ ಜಾಗದಲ್ಲಿ ಗಂಟು ಆಗುವುದು ಸಾಮಾನ್ಯ, ಹೆದರಬೇಕಿಲ್ಲ. ಕ್ಷಯಕ್ಕೆ ರಿಫಾಂಪಿಸಿನ್ ತಗೊಳ್ಳುತ್ತಿದ್ದರೆ ಮಾತ್ರ ಮೊದಲೇ ಹೇಳಲಿ, ಅದು ಲೆನಕಾಪಾವಿರ್‌ನ ಬಲ ಇಳಿಸುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಒಂದು ವರ್ಷ ಅಥವಾ ಇನ್ನೂ ಜಾಸ್ತಿ ಕಾಲ ಸ್ವಲ್ಪ ಸ್ವಲ್ಪ ಔಷಧಿ ದೇಹದಲ್ಲಿ ಉಳಿದಿರುತ್ತದೆ, ಆದರೆ ಕಾಪಾಡುವಷ್ಟಲ್ಲ. ಅದಕ್ಕೇ ನಿಲ್ಲಿಸುವುದನ್ನೂ ವೈದ್ಯರ ಜೊತೆ ಮಾತಾಡಿಯೇ ಮಾಡಬೇಕು.

ಇಷ್ಟು ಹೇಳಿ ಪರೀಕ್ಷೆ ಎಲ್ಲಿ ಮಾಡಿಸಬಹುದು ಅಂತ ತಿಳಿಸಿ. ಬೇಕಿದ್ದರೆ ಜೊತೆಗೆ ಬರುತ್ತೇನೆ ಅನ್ನಿ. ಮರುದಿನ ಗುಂಪಿನಲ್ಲಿ ಮತ್ತೆ ಇದೇ ವಿಷಯ ಬಂದರೆ ಅವರ ಕಡೆ ನೋಡಬೇಡಿ.