ಏರಿಲ್ಲದ ಊರಲ್ಲಿ ಟೈರ್ ಎಳೆದ ಅನುಭವ

ಓಡುವವರ ಕಾಲಿಗೆ ಬಲ ಬರಬೇಕಂದ್ರೆ ಏರು ಹತ್ತಬೇಕು. ನಮ್ಮ ವಿಜಯಪುರದಲ್ಲಿ ಏರೆಲ್ಲಿದೆ? ಊರು ಸಪಾಟು, ಸುತ್ತ ಎರೆಹೊಲ. ಗೋಳಗುಮ್ಮಟದ ಮೆಟ್ಟಿಲು ಹತ್ತಿಳಿ ಎಂದವರೂ ಇದ್ದಾರೆ. ಆ ಮೆಟ್ಟಿಲು ಇಕ್ಕಟ್ಟು, ಮೇಲಿಂದ ಪ್ರವಾಸಿಗರು ಇಳಿಯುತ್ತಿರುತ್ತಾರೆ. ಅಲ್ಲಿ ಓಡೋದು ಬೇಡ. ನಾನು ಟೈರ್ ಹುಡುಕಿಕೊಂಡು ಹೋದೆ.

ಪಂಕ್ಚರ್ ಅಂಗಡಿಯವರು ಹಳೇ ಕಾರಿನ ಟೈರ್ ಸುಮ್ನೆ ಕೊಟ್ಟರು. ‘ಏನ್ ಮಾಡ್ತೀರಿ ಸರ?’ ಅಂದರು. ‘ಎಳೀತೀನ್ರಿ’ ಅಂದೆ. ‘ಯಾಕ್ರಿ, ಮನ್ಯಾಗ ಎತ್ತಿಲ್ಲೇನು?’

ಸೊಂಟಕ್ಕೆ ಅಗಲ ಬೆಲ್ಟು, ಬೆನ್ನ ಹಿಂದಿನಿಂದ ಹಗ್ಗ. ಹಗ್ಗ ಉದ್ದವಿರಲಿ. ಗಿಡ್ಡವಾದರೆ ಟೈರ್ ಮೇಲೆದ್ದು ಹಿಮ್ಮಡಿಗೆ ಬಡಿಯುತ್ತದೆ. ಟಾರ್ ರಸ್ತೆಯಲ್ಲಿ ಜಗ್ಗಿ ಜಗ್ಗಿ ಬರುತ್ತದೆ, ಹೊಲದ ದಾರಿಯ ಧೂಳಲ್ಲಿ ಒಂದೇ ಸಮ ಜಾರುತ್ತದೆ. ಮಳೆಯಾದ ದಿನ ಮಾತ್ರ ಹೊಲದ ಕಡೆ ಹೋಗಬಾರದು. ಎರೆಮಣ್ಣು ಟೈರಿನ ಹೊಟ್ಟೆಗೆ ತುಂಬಿಕೊಂಡರೆ ನಿಜಕ್ಕೂ ಎತ್ತೇ ಬೇಕು! 30 ಮೀಟರ್ ಜೋರಾಗಿ ಎಳೆಯುವುದು, ಎರಡು ನಿಮಿಷ ಸುಧಾರಿಸಿಕೊಳ್ಳುವುದು, ಮತ್ತೆ ಎಳೆಯುವುದು. ಮೈ ಪಾದದಿಂದಲೇ ಮುಂದಕ್ಕೆ ವಾಲಬೇಕು. ನಡು ಬಗ್ಗಿತು ಅಂದ್ರೆ ಆ ದಿನದ ಕೆಲಸ ಮುಗಿಯಿತು.

ಪೊಲೀಸ್ ಭರ್ತಿಯ 1600 ಮೀಟರ್ ಓಟಕ್ಕೆ ತಯಾರಾಗುವ ಹುಡುಗರು ಕಾಲಿಗೆ ಮರಳಿನ ಪಟ್ಟಿ ಕಟ್ಟಿಕೊಂಡು ಓಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬೂಟಿನ ತೂಕ 100 ಗ್ರಾಂ ಹೆಚ್ಚಿದರೇ ಓಟಕ್ಕೆ ಬೇಕಾದ ಆಮ್ಲಜನಕ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ. ಪಾದದ ಹತ್ತಿರ ಭಾರ ಕಟ್ಟಿದರೆ ಹೆಜ್ಜೆ ಹಾಕುವ ರೀತಿಯೇ ಕೆಡುತ್ತದೆ, ಮಂಡಿಗೂ ಜಾಸ್ತಿ ಪೆಟ್ಟು. ಭಾರ ಎತ್ತೋದಕ್ಕೆ ಬೇರೆ ಹೊತ್ತು ಇಟ್ಟುಕೊಂಡರಾಯ್ತು, ಅಲ್ವಾ?

ನಾನು ವಾರಕ್ಕೆ ಎರಡು ಸಲ ಜಿಮ್‌ಗೆ ಹೋಗುತ್ತೇನೆ, ಜೋರು ಓಟ ಇದ್ದ ದಿನವೇ, ಸಂಜೆ. ಹಗುರ ಓಟದ ದಿನ ಹಗುರವಾಗಿಯೇ ಇರಲಿ. ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತೇಳುವುದು), ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರ ಎತ್ತಿ ನಿಲ್ಲುವುದು) ಎರಡೂ ದೊಡ್ಡ ಭಾರದಲ್ಲಿ, ನಾಲ್ಕೈದು ಸಲ ಮಾತ್ರ. ಗರಡಿ ಮನೆಯಲ್ಲಿ ಬೆಳೆದವರು ನಗುತ್ತಾರೆ, ಅವರದು ನೂರಾರು ಬೈಠಕ್. ಆದರೆ ಆ ದಮ್ಮು ಓಟದಿಂದಲೇ ಬರುತ್ತದೆ. ಓಟದಿಂದ ಸಿಗದೇ ಇರೋದು ದೊಡ್ಡ ಭಾರಕ್ಕೆ ಸ್ನಾಯುಗಳೆಲ್ಲ ಒಟ್ಟಿಗೆ ಏಳುವ ಅಭ್ಯಾಸ. ಅದು ಬಂದರೆ ಅದೇ ವೇಗಕ್ಕೆ ಕಡಿಮೆ ಉಸಿರು ಸಾಕಾಗುತ್ತದೆ, ಮೈತೂಕವೂ ಅಷ್ಟೇನು ಏರುವುದಿಲ್ಲ.

ಮೀನಖಂಡಕ್ಕೆ ಜಿಮ್ಮೇ ಬೇಡ. ಕುರ್ಚಿ ಮೇಲೆ ಕೂತು, ತೊಡೆಯ ತುದಿಗೆ ಜೋಳದ ಚೀಲ ಇಟ್ಟುಕೊಂಡು, ಹಿಮ್ಮಡಿ ಎತ್ತಿ, ಕ್ಷಣ ತಡೆದು, ನಿಧಾನ ಇಳಿಸುತ್ತೇನೆ. ಮಂಡಿ ಮಡಚಿದಾಗ ಒಳಗಿನ ಸ್ನಾಯುವಿಗೆ ಕೆಲಸ ಬೀಳುತ್ತದೆ. ಓಡುವಾಗ ಹೆಚ್ಚು ಭಾರ ಹೊರುವುದು ಅದೇ.

ಫಲ ಕಂಡದ್ದು 21 ಕಿ.ಮೀ. ಓಟದ ಕೊನೆಯಲ್ಲಿ. ಮೊದಲೆಲ್ಲ ಅಲ್ಲಿ ಸೊಂಟ ಕುಸಿದು ಕಾಲು ಎಳೆದುಕೊಂಡು ಬರುತ್ತಿದ್ದೆ, ಈಗ ಹೆಜ್ಜೆ ಕೆಡುವುದಿಲ್ಲ. ಓಟಕ್ಕೆ ಒಂದು ವಾರ ಇದ್ದಾಗ ಟೈರ್ ಬಂದ್. ಜಿಮ್‌ಗೆ ಒಂದೇ ಸಲ, ಅದೂ ಅರ್ಧ ಭಾರ.