ವೀಲ್‌ಚೇರ್‌ನಲ್ಲಿ ಕೂತು ಮುದ್ದೆ, ಬಸ್ಸಾರು: ನನ್ನ ಅನುಭವ

ವೀಲ್‌ಚೇರ್‌ನಲ್ಲಿ ಕೂತು ಅಡುಗೆ ಮಾಡ್ತೀನಿ ಅಂದರೆ ಎಲ್ಲರೂ ಮೊದಲು ಹೇಳುವುದು, ಕಟ್ಟೆ ತಗ್ಗಿಸಿ ಅಂತ. ತಗ್ಗಿಸಬೇಕು, ನಿಜ. ಆದರೆ ಅದಕ್ಕಿಂತ ಮುಖ್ಯ, ಒಲೆ ಮೇಲಿನ ಬಿಸಿ ಪಾತ್ರೆ ಕೆಳಗಿಳಿಯುವುದು ಹೇಗೆ ಅನ್ನುವುದು. ಬೆನ್ನುಹುರಿಗೆ ಪೆಟ್ಟಾದ ಮೇಲೆ ನನಗೆ ಸೊಂಟದ ಕೆಳಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಸಾರಿನ ಪಾತ್ರೆ ತೊಡೆ ಮೇಲಿಟ್ಟುಕೊಂಡರೆ ಚರ್ಮ ಬೆಂದರೂ ತಿಳಿಯುವುದಿಲ್ಲ. ಗಾಯ ಬೇಗ ಮಾಯುವುದೂ ಇಲ್ಲ. ಅದಕ್ಕೇ ನಮ್ಮ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಎತ್ತುವ ಹಾಗಿಲ್ಲ, ಜರುಗಿಸಬೇಕು.

ತಿಪಟೂರಿನ ನಮ್ಮ ಮನೆಯ ಹಳೆ ಕಟ್ಟೆ 34 ಇಂಚು. ಒಂದು ಗೋಡೆಗೆ ಮಾತ್ರ 30 ಇಂಚಿಗೆ ಹೊಸ ಕಲ್ಲು ಹಾಕಿಸಿದೆ. ಕೆಳಗೆ ಕಪಾಟಿಲ್ಲ. ಮಂಡಿ ಒಳಗೆ ಹೋಗಬೇಕು, 27 ಇಂಚು ಖಾಲಿ. "ಇಷ್ಟು ತಗ್ಗಿಸಿದ್ರೆ ಬೇರೆಯವರಿಗೆ ಸೊಂಟ ಹಿಡಿಯುತ್ತೆ ಅಕ್ಕ" ಅಂದರು ಗಾರೆಯವರು. ಅದೂ ಸರಿ ಅನಿಸಿ ಎದುರು ಕಟ್ಟೆ ಹಾಗೇ ಬಿಟ್ಟೆ. ನಡುವೆ 5 ಅಡಿ ಜಾಗ ಇದೆ, ಕುರ್ಚಿ ಆರಾಮಾಗಿ ಸುತ್ತುತ್ತದೆ.

ಗ್ಯಾಸ್ ಒಲೆ ಕಟ್ಟೆಗಿಂತ ನಾಲ್ಕು ಬೆರಳು ಎತ್ತರ ಅಲ್ವಾ, ಜರುಗಿಸಿದರೆ ಪಾತ್ರೆ ಧೊಪ್ಪನೆ ಬೀಳುತ್ತದೆ. ಅದಕ್ಕೆ ಒಲೆ ಪಕ್ಕದಿಂದ ಸಿಂಕಿನ ಅಂಚಿನವರೆಗೆ ಬರ್ನರಿನ ಮಟ್ಟಕ್ಕೇ ಒಂದು ಕಡಪ ಕಲ್ಲು ಏರಿಸಿದೆ. ಈಗ ಪಾತ್ರೆ ಬಟ್ಟೆ ಹಿಡಿದು ತಳ್ಳಿದರೆ ಸಾಕು. ನೀರೂ ಹೊರುವುದಿಲ್ಲ. ಸಿಂಕಿನ ನಲ್ಲಿಗೆ ಪೈಪು ಸಿಕ್ಕಿಸಿ ಒಲೆ ಮೇಲಿನ ಪಾತ್ರೆಗೇ ಬಿಡುತ್ತೇನೆ.

ಬಸ್ಸಾರಿಗೆ ಬೇಳೆ, ಸೊಪ್ಪು ಬೇಯಿಸಿ ಕಟ್ಟು ಬಸಿಯಬೇಕು. ಕುದಿಯುವ ಪಾತ್ರೆ ಬಗ್ಗಿಸುವುದು ನನ್ನಿಂದ ಸಾಧ್ಯವೇ ಇಲ್ಲ. ಪಾತ್ರೆಯೊಳಗೆ ಕೂರುವ, ಹಿಡಿ ಇರುವ ತೂತಿನ ಡಬ್ಬಿಯಲ್ಲಿ ಬೇಯಿಸುತ್ತೇನೆ. ಪಾತ್ರೆ ಕಲ್ಲಿಗೆ ಜರುಗಿಸಿ, ಸ್ವಲ್ಪ ಆರಿದ ಮೇಲೆ ಡಬ್ಬಿ ಮೇಲಕ್ಕೆ ಎತ್ತಿದರೆ ಕಟ್ಟು ತಾನೇ ಕೆಳಗೆ ಉಳಿಯುತ್ತದೆ.

ಮುದ್ದೆ ತೊಳಸುವುದು ಇನ್ನೂ ಕಷ್ಟ. ಬೇರೆಯವರು ನಿಂತು ಮೈಭಾರ ಹಾಕುತ್ತಾರೆ, ಕಾಲಲ್ಲೋ ಕವೆಗೋಲಲ್ಲೋ ಪಾತ್ರೆ ಅದುಮಿ ಹಿಡಿಯುತ್ತಾರೆ. ನಾನು ಬರೀ ತೋಳಿನ ಬಲದಲ್ಲಿ ತೊಳಸಬೇಕು. ಬಡಗಿ ಒಂದು ದಪ್ಪ ಹಲಗೆಗೆ ಪಾತ್ರೆಯ ತಳ ಕೂರುವಷ್ಟು ಗುಂಡಗೆ ಕೊರೆದು, ಎರಡು ಗೂಟ ಹೊಡೆದುಕೊಟ್ಟರು. ಪಾತ್ರೆಯ ಕಿವಿಗಳು ಗೂಟಕ್ಕೆ ತಾಗಿ ನಿಲ್ಲುತ್ತವೆ, ಪಾತ್ರೆ ತಿರುಗುವುದಿಲ್ಲ. ಹಲಗೆಯನ್ನು ತಗ್ಗಿನ ಕಟ್ಟೆಗೆ ಬೋಲ್ಟ್ ಹಾಕಿದೆ. ಕುರ್ಚಿಯ ಎರಡೂ ಬ್ರೇಕ್ ಬಿಗಿಯಾಗಿರಬೇಕು, ಇಲ್ಲದಿದ್ದರೆ ಒತ್ತಿದಷ್ಟೂ ಕುರ್ಚಿ ಹಿಂದೆ ಸರಿಯುತ್ತದೆ. ಹೀಗೆ ತೊಳಸಿದ ಮುದ್ದೆಯಲ್ಲಿ ಗಂಟಿಲ್ಲ, ಅದು ನನಗೆ ತುಂಬಾ ಖುಷಿಯ ವಿಷಯ.

ಇಂಡಕ್ಷನ್ ತಗೋ ಅಂತ ಜಾಸ್ತಿ ಜನ ಹೇಳಿದರು. ಬೆಂಕಿ ಇಲ್ಲ, ಒಳ್ಳೆಯದೇ. ಆದರೆ ನಮ್ಮ ಮುದ್ದೆ ಪಾತ್ರೆ ಅಲ್ಯುಮಿನಿಯಂ, ಅದು ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಹಾಲು, ಕಾಫಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಬಾಗಿಲಿನ ಬಗ್ಗೆ ಅಮ್ಮ ಹೇಳಿದ್ದು ಒಂದೇ ಮಾತು: "ಹೊಸ್ತಿಲು ಮಾತ್ರ ಕೀಳಿಸಬೇಡ ಕಣವ್ವ." ಕೀಳಿಸಲಿಲ್ಲ. ಅದು 2 ಇಂಚು ಎತ್ತರ. 1 ಇಂಚಿಗೆ 1 ಅಡಿ ಲೆಕ್ಕದಲ್ಲಿ ಎರಡೂ ಕಡೆ 2 ಅಡಿ ಇಳಿಜಾರು ಮಾಡಿಸಿದೆ. ಕುರ್ಚಿ ಸಲೀಸಾಗಿ ಹತ್ತುತ್ತದೆ, ಅಮ್ಮ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುತ್ತಾರೆ.

ಸಿಲಿಂಡರ್ ಬದಲಿಸಲು ಇನ್ನೂ ತಮ್ಮನೇ ಬರಬೇಕು. ಅದನ್ನು ಕೈಗೆ ಸಿಗುವ ಹಾಗೆ ಕಟ್ಟೆಯ ತುದಿಗೆ, ನೆಟ್ಟಗೆ ನಿಲ್ಲಿಸಿದ್ದೇನೆ. ಒಲೆ ಯಾವಾಗಲೂ ಸಿಲಿಂಡರ್‌ಗಿಂತ ಮೇಲೇ ಇರಬೇಕು, ಕಟ್ಟೆ 30 ಇಂಚಿಗಿಂತ ಇಳಿಸದಿರಲು ಅದೂ ಒಂದು ಕಾರಣ. ರೆಗ್ಯುಲೇಟರ್ ಮಾತ್ರ ದಿನಾ ರಾತ್ರಿ ನಾನೇ ಆಫ್ ಮಾಡುತ್ತೇನೆ.